ನಡುವಯಸ್ಸಿನ ಓಟ: ಓದುಗರ ಪ್ರಶ್ನೆಗಳಿಗೆ ಉತ್ತರ

ನಲವತ್ತರ ಅನಂತರ ವ್ಯಾಯಾಮವನ್ನು ಆರಂಭಿಸುವುದರ ಕುರಿತು ಈ ಅಂಕಣದಲ್ಲಿ ಹಿಂದೊಮ್ಮೆ ಬರೆದ ಟಿಪ್ಪಣಿಗೆ ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಿಂದಲೂ ಘಟ್ಟದ ಮೇಲಿನ ಊರುಗಳಿಂದಲೂ ಪತ್ರಗಳು ಬಂದಿವೆ. ಅವುಗಳಲ್ಲಿ ಹೆಚ್ಚಿನವು ಓಟಕ್ಕೆ ಸಂಬಂಧಿಸಿದವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಐದು ಪತ್ರಗಳನ್ನು ಆರಿಸಿಕೊಂಡು, ಬರೆದವರ ಹೆಸರನ್ನು ಬಿಟ್ಟು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ 43 ವರ್ಷ. ಕಾರವಾರದಲ್ಲಿ ಬ್ಯಾಂಕ್ ಉದ್ಯೋಗಿಯಾಗಿದ್ದೇನೆ. ಟಾಗೋರ್ ಕಡಲತೀರದಲ್ಲಿ ಬೆಳಗಿನ ಹೊತ್ತು ಓಡಲು ಮೂರು ಬಾರಿ ಆರಂಭಿಸಿ, ಮೂರು ಬಾರಿಯೂ ಎರಡು ವಾರಗಳೊಳಗೆ ಬಿಟ್ಟಿದ್ದೇನೆ. ಅರ್ಧ ಕಿಲೋಮೀಟರಿಗೇ ಏದುಸಿರು ಬರುತ್ತದೆ, ಮರುದಿನ ಕಣಕಾಲು ಹಿಡಿದುಕೊಳ್ಳುತ್ತದೆ. ನಿಮಗೆ ಮನಸ್ಸು ಗಟ್ಟಿಯಿಲ್ಲ ಎಂದು ಮನೆಯವರು ಹೇಳುತ್ತಾರೆ. ಹುಮ್ಮಸ್ಸನ್ನು ಉಳಿಸಿಕೊಳ್ಳುವುದು ಹೇಗೆ?

ಉತ್ತರ: ಮೂರನೆಯ ಸಲವೂ ಬೆಳಗ್ಗೆ ಎದ್ದು ಕಡಲತೀರಕ್ಕೆ ಹೋದವರಿಗೆ ಮನಸ್ಸು ಗಟ್ಟಿಯಿಲ್ಲವೆಂದು ನಾನು ಒಪ್ಪಲಾರೆ. ನಿಮ್ಮ ಪತ್ರದಲ್ಲಿ ನನಗೆ ಕಾಣುವ ತೊಂದರೆ ವೇಗದ್ದು. ನಮ್ಮಲ್ಲಿ ಬಹುಪಾಲು ಜನರಿಗೆ ಓಟವೆಂದರೆ ಶಾಲೆಯ ಕ್ರೀಡಾಕೂಟದಲ್ಲಿ ಸೀಟಿ ಊದಿದೊಡನೆ ನೂರು ಮೀಟರ್ ದೌಡಾಯಿಸಿದ ನೆನಪಷ್ಟೇ ಇರುವುದರಿಂದ, ಇಪ್ಪತ್ತೈದು ವರ್ಷಗಳ ತರುವಾಯ ಮತ್ತೆ ಓಡಲು ಹೊರಟಾಗಲೂ ಕಾಲುಗಳು ಆ ವೇಗವನ್ನೇ ಹಿಡಿಯುತ್ತವೆ. ಅರ್ಧ ಕಿಲೋಮೀಟರಿಗೆ ಉಸಿರು ಕಟ್ಟುತ್ತದೆ, ಅದು ದಿನವೂ ಮರುಕಳಿಸುತ್ತದೆ, ಪ್ರತಿ ಬೆಳಗ್ಗೆ ಸೋತು ಮನೆಗೆ ಬರುವ ಕೆಲಸವನ್ನು ಯಾರೂ ಬಹಳ ಕಾಲ ಮುಂದುವರಿಸುವುದಿಲ್ಲ. ದೊಡ್ಡವರಾದ ಮೇಲೆ ಓಟಕ್ಕೆ ಬಂದು ಬಿಟ್ಟವರ ಪತ್ರಗಳನ್ನು ಓದುತ್ತ ಹೋದಂತೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಅವರಲ್ಲಿ ಹೆಚ್ಚಿನವರು ತಮ್ಮ ಶಕ್ತಿಗೆ ಮೀರಿದ ವೇಗದಲ್ಲಿ ಓಡಿದ್ದರು, ತಪ್ಪನ್ನು ಮಾತ್ರ ತಮ್ಮ ಸ್ವಭಾವದ ಮೇಲೆ ಹೊರಿಸಿಕೊಂಡಿದ್ದರು.

ಸರಿಯಾದ ವೇಗವನ್ನು ತಿಳಿಯಲು ಕೈಗಡಿಯಾರವೂ ಬೇಕಿಲ್ಲ, ಮೊಬೈಲೂ ಬೇಕಿಲ್ಲ. ಪಕ್ಕದಲ್ಲಿ ಓಡುವವರೊಡನೆ ಉಸಿರು ತುಂಡಾಗದಂತೆ ಒಂದು ಪೂರ್ಣ ವಾಕ್ಯವನ್ನು ಹೇಳಲು ಸಾಧ್ಯವಾದರೆ ಅದೇ ನಿಮ್ಮ ವೇಗ. ಹೇಳಲಾಗದಿದ್ದರೆ ಇನ್ನೂ ನಿಧಾನಿಸಿ. ಅದು ಚುರುಕಾಗಿ ನಡೆಯುವವರ ವೇಗಕ್ಕಿಂತ ಸ್ವಲ್ಪವೇ ಹೆಚ್ಚೆನಿಸಿದರೂ ಚಿಂತಿಸಬೇಡಿ. ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯಿರಿ, ಇದನ್ನು ಎಂಟು ಸಲ ಮಾಡಿ, ಮೊದಲು ಮತ್ತು ಕೊನೆಗೆ ಐದೈದು ನಿಮಿಷ ನಡೆದು ಮನೆಗೆ ಹೋಗಿ. ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನದ ಬಿಡುವಿರಲಿ. ವಾರಗಳು ಕಳೆದಂತೆ ಓಟದ ಭಾಗವನ್ನು ಹಿಗ್ಗಿಸಿ, ನಡಿಗೆಯ ಭಾಗವನ್ನು ಕುಗ್ಗಿಸುತ್ತ ಬನ್ನಿ. ನಡಿಗೆಯನ್ನು ಬೆರೆಸುವುದು ಸೋಲೆಂದು ಭಾವಿಸುವವರಿಗಾಗಿ ಒಂದು ಮಾತು ಹೇಳಬೇಕು. 1972ರ ಒಲಿಂಪಿಕ್ಸ್‌ನಲ್ಲಿ ಹತ್ತು ಸಾವಿರ ಮೀಟರ್ ಓಡಿದ ಅಮೆರಿಕದ ಜೆಫ್ ಗ್ಯಾಲೊವೇ ಅವರೇ ಮುಂದೆ ಓಟ ಮತ್ತು ನಡಿಗೆಯನ್ನು ಬೆರೆಸುವ ಕ್ರಮವನ್ನು ಸಾಮಾನ್ಯ ಜನರಿಗೆ ಕಲಿಸಿದರು. ಇಂದು ಲೋಕದೆಲ್ಲೆಡೆ ಹೊಸಬರು ಅನುಸರಿಸುವ ಒಂಬತ್ತು ವಾರಗಳ ಐದು ಕಿಲೋಮೀಟರ್ ಕಾರ್ಯಕ್ರಮವನ್ನು ಜೋಶ್ ಕ್ಲಾರ್ಕ್ ಎಂಬವರು 1996ರಲ್ಲಿ ರೂಪಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಐವತ್ತು ದಾಟಿದ್ದ ತಮ್ಮ ತಾಯಿ. ಒಂಬತ್ತು ವಾರಗಳ ಕೆಲಸಕ್ಕೆ ನೀವು ಹದಿನೆಂಟು ವಾರ ತೆಗೆದುಕೊಂಡರೂ ನಷ್ಟವೇನಿಲ್ಲ.

ಕಣಕಾಲಿನ ನೋವಿಗೆ ಎರಡು ಕಾರಣಗಳಿರಬಹುದು. ಹೃದಯ, ಶ್ವಾಸಕೋಶ ಮತ್ತು ರಕ್ತನಾಳಗಳು ಕೆಲವೇ ವಾರಗಳಲ್ಲಿ ಹೊಸ ಶ್ರಮಕ್ಕೆ ಹೊಂದಿಕೊಳ್ಳುತ್ತವೆ. ಸ್ನಾಯುವನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜುಗಳಿಗೂ ಎಲುಬುಗಳಿಗೂ ತಿಂಗಳುಗಟ್ಟಲೆ ಕಾಲ ಬೇಕಾಗುತ್ತದೆ. ಆದ್ದರಿಂದ ಉಸಿರು ಸಲೀಸಾಯಿತೆಂದು ಓಟವನ್ನು ಒಮ್ಮೆಲೇ ಹೆಚ್ಚಿಸಿದವರಿಗೆ ಎರಡನೆಯ ಅಥವಾ ಮೂರನೆಯ ತಿಂಗಳಲ್ಲಿ ಹಿಮ್ಮಡಿ, ಮೊಣಕಾಲಿನ ಕೆಳಗಿನ ಎಲುಬು, ಪಾದ ಇವುಗಳಲ್ಲಿ ಎಲ್ಲಾದರೂ ನೋವು ಕಾಣಿಸಿಕೊಳ್ಳುತ್ತದೆ. ಹುಮ್ಮಸ್ಸು ಉಕ್ಕುತ್ತಿರುವ ದಿನಗಳಲ್ಲೇ ಹೆಚ್ಚು ಎಚ್ಚರ ಬೇಕು.

ಇನ್ನೊಂದು ಕಾರಣ ಮರಳು. ಕಾಲು ಹೂಳುವ ಸಡಿಲ ಮರಳಿನಲ್ಲಿ ಓಡಲು ಗಟ್ಟಿ ನೆಲದ ಮೇಲೆ ಓಡುವುದಕ್ಕಿಂತ ಸುಮಾರು ಒಂದೂವರೆ ಪಟ್ಟಿಗೂ ಹೆಚ್ಚು ಶಕ್ತಿ ಖರ್ಚಾಗುತ್ತದೆ, ಹಿಮ್ಮಡಿಯೂ ಪ್ರತಿ ಹೆಜ್ಜೆಗೆ ಒಳಗಿಳಿದು ಕಣಕಾಲನ್ನು ಎಳೆಯುತ್ತದೆ. ಮೊದಲ ಎರಡು ತಿಂಗಳು ಮಾಲಾದೇವಿ ಮೈದಾನದಲ್ಲೋ ಸಮತಟ್ಟಾದ ರಸ್ತೆಯ ಅಂಚಿನಲ್ಲೋ ಓಡಿ. ಅನಂತರ ಕಡಲತೀರಕ್ಕೆ ಬರುವುದಾದರೆ ಇಳಿತದ ಹೊತ್ತನ್ನು ನೋಡಿಕೊಂಡು ಬನ್ನಿ. ಮೀನುಗಾರರನ್ನು ಕೇಳಿದರೆ ಅವರು ಪಂಚಾಂಗವಿಲ್ಲದೆಯೇ ಹೇಳುತ್ತಾರೆ: ನಮ್ಮ ತೀರದಲ್ಲಿ ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಬೆಳಗಿನ ಜಾವ ನೀರು ಇಳಿದಿರುತ್ತದೆ, ಅಷ್ಟಮಿಯ ಆಸುಪಾಸಿನಲ್ಲಿ ಅದೇ ಹೊತ್ತಿಗೆ ಏರಿರುತ್ತದೆ, ದಿನದಿಂದ ದಿನಕ್ಕೆ ಹೊತ್ತು ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತದೆ. ಇಳಿತದಲ್ಲಿ ಅಲೆ ಹಿಂದೆ ಸರಿದ ತೇವದ ಮರಳು ಗಟ್ಟಿಯಾಗಿರುತ್ತದೆ. ಆದರೆ ಅದು ನೀರಿನ ಕಡೆಗೆ ಇಳಿಜಾರಾಗಿರುವುದರಿಂದ ಒಂದು ಕಾಲಿಗೆ ಹೆಚ್ಚು ಭಾರ ಬೀಳುತ್ತದೆ. ಚಾಪಲ್ ಯುದ್ಧನೌಕೆಯ ಸಂಗ್ರಹಾಲಯದಿಂದ ಕೋಡಿಬಾಗದ ದಿಕ್ಕಿಗೆ ಹೋದಷ್ಟೇ ದೂರವನ್ನು ಅದೇ ಅಂಚಿನಲ್ಲಿ ಮರಳಿ ಬಂದರೆ ಭಾರ ಎರಡೂ ಕಾಲುಗಳಿಗೆ ಹಂಚಿಹೋಗುತ್ತದೆ.

ಇನ್ನು ಹುಮ್ಮಸ್ಸಿನ ವಿಚಾರ. ಅದು ಬಂದ ಮೇಲೆ ಓಡುತ್ತೇನೆಂದು ಕಾಯುವುದನ್ನು ಬಿಟ್ಟುಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸವೊಂದು ಯೋಚಿಸದೆಯೇ ನಡೆಯುವಂತಾಗಲು ಸರಾಸರಿ 66 ದಿನಗಳು ಹಿಡಿದವು. ಕೆಲವರಿಗೆ 18 ದಿನ ಸಾಕಾದರೆ, ಇನ್ನು ಕೆಲವರಿಗೆ 254 ದಿನಗಳೂ ಬೇಕಾಗಬಹುದೆಂಬ ಅಂದಾಜು ದೊರೆಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ ಎಂಬುದೂ ಆ ಅಧ್ಯಯನದಲ್ಲಿ ಕಂಡುಬಂದಿತು. ನೀವು ಎರಡು ವಾರಕ್ಕೆ ಕೈಬಿಟ್ಟದ್ದು ಅಭ್ಯಾಸ ಹುಟ್ಟಲು ಅವಕಾಶವೇ ಇಲ್ಲದ ಹಂತದಲ್ಲಿ. ಈ ಸಲ ದೂರದ ಗುರಿಯನ್ನು ಇಟ್ಟುಕೊಳ್ಳಬೇಡಿ. ಸೋಮವಾರ, ಬುಧವಾರ, ಶುಕ್ರವಾರ ನಿಗದಿತ ಹೊತ್ತಿಗೆ ಬೂಟು ಕಟ್ಟಿ ಹೊರಗೆ ಬರುವುದನ್ನಷ್ಟೇ ಗುರಿಯೆಂದು ತಿಳಿಯಿರಿ, ಹೋದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೈ ಏಳದ ದಿನ ಹತ್ತು ನಿಮಿಷ ನಡೆದು ಮರಳಿದರೂ ಗುರುತು ಹಾಕಿ. ಮೊದಲು ಮಾತ್ರ ಒಮ್ಮೆ ವೈದ್ಯರನ್ನು ಕಂಡು ರಕ್ತದೊತ್ತಡ ಮತ್ತು ಸಕ್ಕರೆಯ ಪ್ರಮಾಣವನ್ನು ಪರೀಕ್ಷಿಸಿಕೊಳ್ಳಿ. ಓಡುವಾಗ ಎದೆ ಬಿಗಿಯುವುದು, ತಲೆ ಸುತ್ತುವುದು, ನೋವು ಎಡತೋಳಿಗೋ ದವಡೆಗೋ ಹರಡುವುದು ಕಂಡರೆ ಅಲ್ಲಿಯೇ ನಿಂತು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಶಿರಸಿ ಸಮೀಪದ ಅಡಿಕೆ ಕೃಷಿಕ, 52 ವರ್ಷ. ಕಾಲೇಜಿಗೆ ಹೋಗುವ ಮಗನ ಜೊತೆ ಓಡಬೇಕೆಂಬ ಆಸೆ. ದಿನವಿಡೀ ತೋಟ ಹತ್ತಿ ಇಳಿಯುವವನಿಗೆ ಓಟ ಯಾಕೆ ಎಂದು ತಮ್ಮ ಕೇಳುತ್ತಾನೆ. ಮಂಡಿ ಸವೆಯುತ್ತದೆ ಎಂದು ನೆಂಟರು ಹೆದರಿಸುತ್ತಾರೆ. ಬೆಟ್ಟದ ಕಾಲುದಾರಿಯಲ್ಲಿ ಓಡಬಹುದೇ?

ಉತ್ತರ: ತೋಟದ ಕೆಲಸ ಒಳ್ಳೆಯ ಶ್ರಮವೇ ಹೌದು. ಆದರೆ ಅದು ತಡೆತಡೆದು ನಡೆಯುವ ಕೆಲಸ. ಅರ್ಧ ಗಂಟೆ ಒಂದೇ ಸಮನೆ ಹೃದಯದ ಬಡಿತವನ್ನು ಮೇಲಿಟ್ಟುಕೊಳ್ಳುವ ಅಭ್ಯಾಸ ಅದರಿಂದ ಆಗುವುದು ಕಡಿಮೆ. ಅದಕ್ಕೂ ಮಿಗಿಲಾಗಿ, ಮಗನ ಜೊತೆ ಓಡಬೇಕೆಂಬ ಆಸೆ ಸ್ವತಃ ಸಾಕಷ್ಟು ದೊಡ್ಡ ಕಾರಣ, ಅದಕ್ಕೆ ತಮ್ಮನವರ ಒಪ್ಪಿಗೆ ಬೇಕಿಲ್ಲ. ವಯಸ್ಸು ಮೀರಿತೆಂಬ ಅಳುಕಿದ್ದರೆ ಆಸ್ಟ್ರೇಲಿಯಾದ ಕ್ಲಿಫ್ ಯಂಗ್ ಅವರನ್ನು ನೆನೆಯಿರಿ. ಆಲೂಗಡ್ಡೆ ಬೆಳೆಯುತ್ತಿದ್ದ ಆ ರೈತರು 1983ರಲ್ಲಿ, ತಮ್ಮ 61ನೆಯ ವಯಸ್ಸಿನಲ್ಲಿ, ಸಿಡ್ನಿಯಿಂದ ಮೆಲ್ಬರ್ನ್‌ಗೆ 875 ಕಿಲೋಮೀಟರ್ ಓಡುವ ಸ್ಪರ್ಧೆಯನ್ನು ತಮಗಿಂತ ಬಹಳ ಕಿರಿಯರಾದವರನ್ನು ಹಿಂದಿಕ್ಕಿ ಗೆದ್ದರು. ಅವರ ಓಟ ಕಾಲೆಳೆದು ನಡೆದಂತೆ ಕಾಣುವಷ್ಟು ನಿಧಾನವಾಗಿತ್ತು. ಉಳಿದವರು ಮಲಗಿದ್ದಾಗಲೂ ಅವರು ಮುಂದೆ ಸಾಗುತ್ತಿದ್ದರು.

ಮಂಡಿಯ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಭಯ ನಮ್ಮಲ್ಲಿ ಬಹಳ ಜನರನ್ನು ಕುರ್ಚಿಯಲ್ಲೇ ಕೂರಿಸಿದೆ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಸೊಂಟ ಅಥವಾ ಮಂಡಿಯ ಕೀಲು ಸವೆತ ಹವ್ಯಾಸಕ್ಕಾಗಿ ಓಡುವವರಲ್ಲಿ ಶೇಕಡಾ 3.5ರಷ್ಟು, ಓಡದೆ ಕುಳಿತಿರುವವರಲ್ಲಿ ಶೇಕಡಾ 10.2ರಷ್ಟು, ಸ್ಪರ್ಧೆಗಾಗಿ ಓಡುವವರಲ್ಲಿ ಶೇಕಡಾ 13.3ರಷ್ಟು ಕಂಡುಬಂದಿದೆ. ಮಂಡಿ ನೋವಿರುವವರು ಓಟದ ಗೋಜಿಗೇ ಹೋಗದಿರುವ ಸಾಧ್ಯತೆ ಇರುವುದರಿಂದ ಈ ಅಂಕಿಗಳನ್ನೇ ಓಟ ಕೀಲನ್ನು ಕಾಯುತ್ತದೆ ಎಂಬುದಕ್ಕೆ ಪೂರ್ಣ ಸಾಕ್ಷಿಯೆಂದು ನಾನು ಎತ್ತಿ ಹಿಡಿಯುವುದಿಲ್ಲ. ಆದರೂ ಮಿತವಾಗಿ ಓಡುವುದರಿಂದ ಆರೋಗ್ಯವಾಗಿರುವ ಮಂಡಿ ಸವೆದುಹೋಗುತ್ತದೆ ಎಂಬ ಮಾತಿಗೆ ಆಧಾರವಿಲ್ಲವೆಂಬುದು ಇವುಗಳಿಂದ ಸ್ಪಷ್ಟ. ಹಿಂದೆ ಬಿದ್ದು ಮಂಡಿಗೆ ಪೆಟ್ಟಾಗಿದ್ದರೆ, ಊದಿಕೊಳ್ಳುತ್ತಿದ್ದರೆ, ಮೆಟ್ಟಿಲು ಇಳಿಯುವಾಗ ಸಿಕ್ಕಿಹಾಕಿಕೊಂಡಂತಾಗುತ್ತಿದ್ದರೆ ಮಾತ್ರ ಮೂಳೆ ತಜ್ಞರಿಗೆ ತೋರಿಸಿದ ಮೇಲೆಯೇ ಆರಂಭಿಸಿ. ಏರಿನಲ್ಲಿ ದಮ್ಮು ಹತ್ತುತ್ತದೆ, ಆದರೆ ಮಂಡಿಗೂ ತೊಡೆಗೂ ಪೆಟ್ಟು ಬೀಳುವುದು ಇಳಿಜಾರಿನಲ್ಲಿ. ಮೊದಲ ತಿಂಗಳುಗಳಲ್ಲಿ ಏರನ್ನು ಓಡಿದರೂ ಇಳಿಜಾರನ್ನು ನಡೆದೇ ಇಳಿಯಿರಿ. ವಾರಕ್ಕೊಮ್ಮೆಯಾದರೂ ಪೇಟೆಗೆ ಬಂದಾಗ ಮಾರಿಕಾಂಬಾ ಕ್ರೀಡಾಂಗಣದ ಸಮನೆಲದಲ್ಲಿ ಓಡಿ.

ಬೆಟ್ಟದ ದಾರಿಯ ಬಗ್ಗೆ ನನ್ನ ಉತ್ತರ ಕಾಲವನ್ನು ಅವಲಂಬಿಸಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಸಿದ್ದಾಪುರ ಸೀಮೆಯಲ್ಲೂ ಜೀವಗಳನ್ನು ತೆಗೆದುಕೊಂಡಿದೆ. ಉಣುಗುಗಳ ಮೂಲಕ ಹರಡುವ ಈ ಕಾಯಿಲೆ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ವರೆಗೆ ಹೆಚ್ಚು. ಆ ತಿಂಗಳುಗಳಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಹಾಸಿದ ಕಾಡಿನ ದಾರಿಯನ್ನು ಬಿಟ್ಟು ಟಾರು ರಸ್ತೆಯಲ್ಲೇ ಓಡಿ. ಕೆಲಸಕ್ಕಾಗಿ ಸೊಪ್ಪಿನ ಬೆಟ್ಟಕ್ಕೆ ಹೋಗಲೇಬೇಕಾದಾಗ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು ಹೋಗಿ, ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಬದಲಿಸಿ. ಮಂಗ ಸತ್ತು ಬಿದ್ದಿದ್ದರೆ ಆ ಕಡೆ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಅಡಿಕೆ ಕೊನೆಗಳ ಕೊಯ್ಲಿನ ವಾರಗಳಲ್ಲಿ ಓಟ ನಿಂತುಹೋದರೆ ಅದಕ್ಕಾಗಿ ಕೊರಗಬೇಡಿ. ಸುಗ್ಗಿ ಮುಗಿದ ಮೇಲೆ ಬಿಟ್ಟಲ್ಲಿಂದ ಅಲ್ಲ, ಅದಕ್ಕಿಂತ ಎರಡು ವಾರ ಹಿಂದಿನ ಪ್ರಮಾಣದಿಂದ ಮತ್ತೆ ಆರಂಭಿಸಿ.

ಪ್ರಶ್ನೆ: ಕುಮಟಾದಲ್ಲಿ ಶಿಕ್ಷಕಿಯಾಗಿದ್ದೇನೆ, ವಯಸ್ಸು 38. ಎರಡು ತಿಂಗಳಿಂದ ಓಡುತ್ತಿದ್ದೇನೆ. ನಿಧಾನವಾಗಿಯೇ ಓಡಿದರೂ ಆಯಾಸ ಕಡಿಮೆಯಾಗುತ್ತಿಲ್ಲ. ರಸ್ತೆಯಲ್ಲಿ ಗುರುತಿನವರು ನಿಂತು ನೋಡುತ್ತಾರೆ, ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. ಬಿಟ್ಟುಬಿಡೋಣವೇ ಎನಿಸುತ್ತಿದೆ.

ಉತ್ತರ: ಬಿಡಬೇಡಿ, ಆದರೆ ಮುಂದಿನ ಓಟಕ್ಕೆ ಮುನ್ನ ರಕ್ತಪರೀಕ್ಷೆ ಮಾಡಿಸಿ. ನಿಧಾನವಾಗಿ ಓಡಿದರೂ ಎರಡು ತಿಂಗಳಲ್ಲಿ ಆಯಾಸ ತಗ್ಗದಿದ್ದರೆ ಮೊದಲು ಅನುಮಾನಿಸಬೇಕಾದದ್ದು ರಕ್ತಹೀನತೆಯನ್ನು. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿದೆ. ಹಿಮೊಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಸ್ನಾಯುಗಳಿಗೆ ಆಮ್ಲಜನಕ ಸಾಕಷ್ಟು ತಲುಪುವುದಿಲ್ಲ. ಆ ಸ್ಥಿತಿಯಲ್ಲಿ ಎಷ್ಟು ಛಲದಿಂದ ಓಡಿದರೂ ಬಳಲಿಕೆಯೇ ಉಳಿಯುತ್ತದೆ. ಹಿಮೊಗ್ಲೋಬಿನ್ ಸರಿಯಿದ್ದು ಕಬ್ಬಿಣದ ದಾಸ್ತಾನು ಮಾತ್ರ ಇಳಿದಿರುವುದೂ ಉಂಟು, ಆದ್ದರಿಂದ ಫೆರಿಟಿನ್ ಪರೀಕ್ಷೆಯನ್ನೂ ಥೈರಾಯ್ಡ್ ಪರೀಕ್ಷೆಯನ್ನೂ ವೈದ್ಯರಲ್ಲಿ ಕೇಳಿ. ಮಾತ್ರೆಯನ್ನು ಅವರು ಹೇಳಿದಂತೆ ತೆಗೆದುಕೊಳ್ಳಿ. ಚಹಾ ಮತ್ತು ಕಾಫಿ ಕಬ್ಬಿಣಾಂಶ ಮೈಗೆ ಹತ್ತುವುದನ್ನು ತಡೆಯುವುದರಿಂದ ಅವುಗಳನ್ನು ಊಟ ಮತ್ತು ಮಾತ್ರೆಯಿಂದ ಒಂದೆರಡು ಗಂಟೆ ದೂರವಿಡಿ.

ನೋಡುವವರ ವಿಷಯದಲ್ಲಿ ನಿಮ್ಮ ಸಂಕೋಚವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಣ್ಣ ಊರಿನಲ್ಲಿ ಶಿಕ್ಷಕಿಯನ್ನು ಎಲ್ಲರೂ ಬಲ್ಲರು, ಓಡುವ ಗಂಡಸಿಗೆ ಇಲ್ಲದ ಪ್ರಶ್ನೆಗಳು ಓಡುವ ಹೆಂಗಸಿಗೆ ಎದುರಾಗುತ್ತವೆ, ಇದು ಅನ್ಯಾಯವೇ ಸರಿ. ಇದಕ್ಕೆ ನಾನು ಕಂಡ ಒಳ್ಳೆಯ ಉಪಾಯ ಜೊತೆಗಾರ್ತಿಯರನ್ನು ಕೂಡಿಸಿಕೊಳ್ಳುವುದು. ಸಹೋದ್ಯೋಗಿಗಳಲ್ಲೋ ಶಾಲೆಯ ಮಕ್ಕಳ ತಾಯಂದಿರಲ್ಲೋ ಇಬ್ಬರನ್ನು ಕರೆಯಿರಿ, ಅವರು ಬರೀ ನಡೆದರೂ ಆಗಬಹುದು; ಮಣಕಿ ಮೈದಾನದಲ್ಲಿ ನೀವು ಸುತ್ತು ಹಾಕುತ್ತಿರುವಾಗ ಅವರು ಅಲ್ಲೇ ಇರುತ್ತಾರೆ. ಗೊತ್ತಾದ ಹೊತ್ತಿಗೆ ಒಬ್ಬರು ಕಾಯುತ್ತಿದ್ದಾರೆಂಬ ಅರಿವು ಹಾಸಿಗೆಯಿಂದ ಎಬ್ಬಿಸುವಷ್ಟು ಬಲವಾಗಿ ಬೇರಾವ ಸಂಕಲ್ಪವೂ ಎಬ್ಬಿಸುವುದಿಲ್ಲ. ಉಡುಪು ಚೂಡಿದಾರವೇ ಇರಲಿ, ದುಪಟ್ಟಾ ಮಾತ್ರ ಬೇಡ. ಎದೆಗೆ ಸರಿಯಾದ ಆಧಾರ ಕೊಡುವ, ಓಟಕ್ಕೆಂದೇ ಹೊಲಿದ ಒಳ ಉಡುಪಿಗೆ ಹಣ ಖರ್ಚು ಮಾಡಿ, ಅದನ್ನು ಅನಾವಶ್ಯಕ ವೆಚ್ಚವೆಂದು ತಿಳಿಯಬೇಡಿ. ಕತ್ತಲಿರುವಾಗ ಹೆದ್ದಾರಿಗೆ ಹೋಗಬೇಡಿ. ರಸ್ತೆಯಲ್ಲಿ ಓಡಲೇಬೇಕಾದರೆ ಎದುರಿನಿಂದ ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ಓಡಿ.

ನಾಯಿ ಅಟ್ಟಿಸಿಕೊಂಡು ಬಂದರೆ ಓಟವನ್ನು ನಿಲ್ಲಿಸಿ ನಿಂತುಬಿಡಿ, ಅದರ ಕಣ್ಣನ್ನು ದಿಟ್ಟಿಸದೆ ಬೆನ್ನು ತೋರಿಸದೆ ನಿಧಾನವಾಗಿ ಹಿಂದೆ ಸರಿಯಿರಿ. ಹಲ್ಲು ತಾಗಿದರೆ ಗಾಯ ಎಷ್ಟೇ ಸಣ್ಣದಿರಲಿ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ರೇಬಿಸ್ ಲಸಿಕೆ ಹಾಕಿಸಿಕೊಳ್ಳಲೇಬೇಕು.

ಪ್ರಶ್ನೆ: ಅಂಕೋಲಾದಿಂದ ಬರೆಯುತ್ತಿದ್ದೇನೆ. ಹತ್ತು ಸಾವಿರ ರೂಪಾಯಿಯ ಬೂಟು ಬೇಕೇ ಬೇಕೆಂದು ಅಂಗಡಿಯವರು ಹೇಳುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಹಾಕಿಕೊಂಡು ಅಂಗಡಿಯಲ್ಲೇ ನಾಲ್ಕು ಹೆಜ್ಜೆ ಓಡಿದಾಗ ಹಿತವೆನಿಸುವ, ಹೆಬ್ಬೆರಳಿನ ಮುಂದೆ ಅರ್ಧ ಅಂಗುಲದಷ್ಟು ಜಾಗವಿರುವ ಸಾಮಾನ್ಯ ಓಟದ ಬೂಟು ಸಾಕು. ಸಂಜೆಯ ಹೊತ್ತು ಪಾದ ಸ್ವಲ್ಪ ಊದಿರುವುದರಿಂದ ಆಗಲೇ ಕೊಳ್ಳಿರಿ. ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಓಡಿದ ಮೇಲೆ ಅಡಿಭಾಗದ ಮೆತ್ತೆ ಸೋಲುತ್ತದೆ. ಕಡಲತೀರದಲ್ಲಿ ಓಡಿ ಬಂದಾಗ ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ತೊಳೆಯಿರಿ, ಮಳೆಗಾಲದಲ್ಲಿ ಒಳಗೆ ಹಳೆಯ ಪತ್ರಿಕೆಯ ಕಾಗದ ತುರುಕಿ ಗಾಳಿಗಿಡಿ, ಒಲೆಯ ಹತ್ತಿರ ಇಡಬೇಡಿ. ಶಾಖಕ್ಕೆ ಅಂಟು ಬಿಡುತ್ತದೆ.

ಪ್ರಶ್ನೆ: ಹೊನ್ನಾವರದವನು, 35 ವರ್ಷ. ಒಂದು ವರ್ಷದಿಂದ ಐದಾರು ಕಿಲೋಮೀಟರ್ ಸುಲಭವಾಗಿ ಓಡುತ್ತಿದ್ದೆ. ಡಿಸೆಂಬರಿನ 21 ಕಿಲೋಮೀಟರ್ ಓಟವೊಂದಕ್ಕೆ ಹೆಸರು ಕೊಟ್ಟು ತರಬೇತಿ ಆರಂಭಿಸಿದೆ. ಆರನೆಯ ವಾರಕ್ಕೇ ಬೇಸರ ಹತ್ತಿದೆ. ಮಳೆ, ಕೆಸರು, ಬೆಳಗ್ಗೆ ಏಳಲು ಮನಸ್ಸಿಲ್ಲ. ಮೊದಲು ಇಷ್ಟವಾಗಿದ್ದ ಓಟವೇ ಈಗ ಶಿಕ್ಷೆಯಂತಾಗಿದೆ.

ಉತ್ತರ: ಮೊದಲು ಇದು ಬೇಸರವೋ ದಣಿವೋ ಎಂಬುದನ್ನು ಬೇರ್ಪಡಿಸಿ ನೋಡಬೇಕು. ಬೇಸರವಾದರೆ ಹೊರಗೆ ಹೋಗಿ ಹತ್ತು ನಿಮಿಷ ಓಡಿದೊಡನೆ ಮೈ ಹಗುರವಾಗುತ್ತದೆ. ದಣಿವಾದರೆ ಓಡುತ್ತ ಹೋದಂತೆ ಕಾಲು ಇನ್ನಷ್ಟು ಭಾರವಾಗುತ್ತದೆ, ರಾತ್ರಿ ನಿದ್ರೆ ಸರಿಯಾಗಿ ಬರುವುದಿಲ್ಲ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ, ಬೆಳಗ್ಗೆ ಎದ್ದ ಕೂಡಲೆ ಎಣಿಸಿದ ನಾಡಿಮಿಡಿತ ಎಂದಿಗಿಂತ ಹೆಚ್ಚಿರುತ್ತದೆ. ನೀವು ಕಳುಹಿಸಿದ ಪಟ್ಟಿಯನ್ನು ನೋಡಿದರೆ ನಿಮಗಿರುವುದು ದಣಿವೆಂದೇ ನನಗೆ ಅನ್ನಿಸುತ್ತದೆ: ಆರು ವಾರಗಳಲ್ಲಿ ವಾರದ ಓಟವನ್ನು 15 ಕಿಲೋಮೀಟರಿನಿಂದ 38ಕ್ಕೆ ಏರಿಸಿದ್ದೀರಿ, ಒಂದು ವಾರವೂ ಇಳಿಸಿಲ್ಲ, ಐದು ದಿನವೂ ಒಂದೇ ರಸ್ತೆಯಲ್ಲಿ ಗಡಿಯಾರ ನೋಡುತ್ತ ಆದಷ್ಟು ವೇಗವಾಗಿ ಓಡಿದ್ದೀರಿ. ಹೊಸಬರಾಗಿದ್ದಾಗ ನಿಮ್ಮನ್ನು ಕಾಪಾಡಿದ್ದ ನಿಧಾನಗತಿಯನ್ನು ಸ್ಪರ್ಧೆಯ ಹೆಸರಿನಲ್ಲಿ ಕೈಬಿಟ್ಟಿದ್ದೀರಿ.

ಚೌತಿ ಹಬ್ಬ ಹತ್ತಿರ ಬಂದಿದೆ. ಆ ವಾರವನ್ನು ಇಳಿಕೆಯ ವಾರವಾಗಿ ಮಾಡಿಕೊಳ್ಳಿ. ಎರಡೇ ದಿನ, ನಾಲ್ಕೈದು ಕಿಲೋಮೀಟರ್ ಮಾತ್ರ, ಗಡಿಯಾರವಿಲ್ಲದೆ ಓಡಿ, ಹಬ್ಬದ ಊಟವನ್ನು ಅಳುಕಿಲ್ಲದೆ ಮಾಡಿ. ಒಂದು ವಾರದ ಬಿಡುವಿನಿಂದ ಗಳಿಸಿದ ಶಕ್ತಿ ಕರಗಿಹೋಗುವುದಿಲ್ಲ. ಗಣನೀಯ ಇಳಿತ ಆರಂಭವಾಗುವುದು ಓಟ ಪೂರ್ತಿ ನಿಂತು ಎರಡು ವಾರಗಳ ಆಸುಪಾಸಿನಲ್ಲಿ. ಅನಂತರ ವಾರಕ್ಕೆ ನಾಲ್ಕು ದಿನ ಓಡಿ. ಮೂರು ದಿನ ಮಾತಾಡುವ ವೇಗ, ಅದರಲ್ಲಿ ಭಾನುವಾರದ್ದು ದೀರ್ಘ ಓಟ. ಒಂದು ದಿನ ಮಾತ್ರ ನಡುನಡುವೆ ಕೆಲವು ನಿಮಿಷ ವೇಗ ಹೆಚ್ಚಿಸಿ. ದೀರ್ಘ ಓಟವನ್ನು ವಾರಕ್ಕೆ ಒಂದೂವರೆ ಕಿಲೋಮೀಟರಿನಂತೆ ಏರಿಸಿ, ಪ್ರತಿ ನಾಲ್ಕನೆಯ ವಾರ ಮೂರನೆಯ ಒಂದು ಭಾಗದಷ್ಟು ಇಳಿಸಿ. ಸ್ಪರ್ಧೆಗೆ ಎರಡು ವಾರ ಮುಂಚೆ 16 ಅಥವಾ 17 ಕಿಲೋಮೀಟರ್ ತಲುಪಿದ್ದರೆ ಉಳಿದ ನಾಲ್ಕನ್ನು ಆ ದಿನ ಓಡಬಲ್ಲಿರಿ.

ಮಳೆಯಲ್ಲಿ ಓಡುವುದಕ್ಕೆ ಅಡ್ಡಿಯಿಲ್ಲ, ಗುಡುಗು ಕೇಳಿದರೆ ಮಾತ್ರ ಒಳಗೆ ಬನ್ನಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಡಬೇಡಿ. ಪಾಚಿ ಕಟ್ಟಿದ ಚಿರೇಕಲ್ಲಿನ ಮೆಟ್ಟಿಲು ಮತ್ತು ಕಾಲುಸಂಕಗಳ ಮೇಲೆ ನಡೆಯಿರಿ. ಕಾಲಿನಲ್ಲಿ ಗಾಯವಿದ್ದಾಗ ನಿಂತ ನೀರನ್ನು ತುಳಿದರೆ ಇಲಿ ಜ್ವರದ ಭಯವಿದೆ. ಮಳೆ ಕಳೆದು ಅಕ್ಟೋಬರಿನಲ್ಲಿ ಸೆಖೆ ಮರುಕಳಿಸಿದಾಗ ನಿಮ್ಮ ವೇಗ ಇದ್ದಕ್ಕಿದ್ದಂತೆ ಇಳಿಯುತ್ತದೆ. ಗಾಳಿಯಲ್ಲಿ ತೇವ ತುಂಬಿರುವ ನಮ್ಮ ಕರಾವಳಿಯಲ್ಲಿ ಬೆವರು ಆರದೆ ಸುರಿದುಹೋಗುವುದರಿಂದ ಮೈ ತಂಪಾಗುವುದಿಲ್ಲ, ಚರ್ಮಕ್ಕೆ ರಕ್ತ ಕಳುಹಿಸಲು ಹೃದಯ ಹೆಚ್ಚು ಬಡಿದುಕೊಳ್ಳಬೇಕಾಗುತ್ತದೆ. ಅದನ್ನು ಹಿನ್ನಡೆಯೆಂದು ಎಣಿಸಿ ಇನ್ನೊಮ್ಮೆ ಬೇಸರಪಡಬೇಡಿ, ಉಸಿರನ್ನು ನೋಡಿ ಓಡಿ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳವಾಗಿದ್ದರೂ ಬೆವರಿನಲ್ಲಿ ಮುಖ್ಯವಾಗಿ ಹೋಗುವ ಸೋಡಿಯಂ ಕಡಿಮೆ. ದೀರ್ಘ ಓಟದ ತರುವಾಯ ಉಪ್ಪು ಹಾಕಿದ ಮಜ್ಜಿಗೆ, ಮುರುಗಲು ಪಾನಕ ಅಥವಾ ಕುಚಲಕ್ಕಿ ಗಂಜಿ ಒಳ್ಳೆಯದು. ಬಾಯಾರಿಕೆಗೆ ತಕ್ಕಷ್ಟು ಕುಡಿಯಿರಿ, ಅದಕ್ಕೆ ಮೀರಿ ಬರೀ ನೀರನ್ನು ಬಲವಂತವಾಗಿ ಕುಡಿದರೆ ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಇಳಿಕೆಯ ವಾರ ಮುಗಿದ ಮೇಲೂ ಕಾಲಿನ ಭಾರ ಹೋಗದಿದ್ದರೆ, ಅಥವಾ ಎಲುಬಿನ ಒಂದೇ ಬಿಂದುವಿನಲ್ಲಿ ಬೆರಳಿಟ್ಟು ಒತ್ತಿದಾಗ ನೋವಾಗುತ್ತಿದ್ದರೆ, ಓಟವನ್ನು ನಿಲ್ಲಿಸಿ ವೈದ್ಯರನ್ನು ಕಾಣಿರಿ. ಎಲುಬಿನ ಕೂದಲೆಳೆ ಬಿರುಕು ಆರಂಭದಲ್ಲಿ ಸಾದಾ ಎಕ್ಸ್‌ರೇಯಲ್ಲಿ ಕಾಣದಿರಬಹುದಾದ್ದರಿಂದ, ಎಷ್ಟು ವಾರಗಳಿಂದ ಎಷ್ಟು ದೂರ ಓಡಿದ್ದೀರಿ ಎಂಬ ಪಟ್ಟಿಯನ್ನೂ ಜೊತೆಗೆ ಒಯ್ದು ಅವರಿಗೆ ತೋರಿಸಿ.